ಸಿಂಹಕ್ಕಲ್ಲ, ಸೊಳ್ಳೆಗೆ ಹೆದರಿ

ಕೀನ್ಯಾಕ್ಕೆ ಟೂರ್ ಹೊರಟಿದ್ದೀವಿ ಅಂದ್ರೆ ಸಾಕು, ಮನೆಯವರು, ನೆಂಟರು ಎಲ್ಲರದೂ ಒಂದೇ ಪ್ರಶ್ನೆ: 'ಅಲ್ಲಿ ಸಿಂಹ, ಚಿರತೆ ಎಲ್ಲಾ ಓಡಾಡ್ತವಂತಲ್ಲ, ಭಯ ಆಗಲ್ವಾ?' ಮಸಾಯಿ ಮಾರಾದಲ್ಲಿ ಗೈಡ್ ಹೇಳಿದ ಮಾತು ಕೇಳಿಕೊಂಡು, ಸೆಲ್ಫಿ ಹುಚ್ಚಿಗೆ ಜೀಪಿನಿಂದ ಕೆಳಗಿಳಿಯದೆ ಕೂತರೆ, ಸಿಂಹ ನಿಮ್ಮ ತಂಟೆಗೆ ಬರುವುದು ತೀರಾ ಅಪರೂಪ. ನೀವು ನಿಜಕ್ಕೂ ಹೆದರಬೇಕಾಗಿರುವುದು ಸೊಳ್ಳೆಗೆ.

ಕೀನ್ಯಾ ಹಳದಿ ಜ್ವರದ, ಅಂದರೆ ಯೆಲ್ಲೋ ಫೀವರ್‌ನ ಅಪಾಯವಿರುವ ದೇಶ. ಅಲ್ಲಿಂದ ವಾಪಸ್ ಬಂದು ಇಳಿದಾಗ ಲಸಿಕೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ತಡೆಯುತ್ತಾರೆ. 6 ದಿನಗಳವರೆಗೆ ಕ್ವಾರಂಟೈನ್. ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಆ ಸರ್ಟಿಫಿಕೇಟ್‌ಗೆ ಬೆಲೆ. ಹಾಗಾಗಿ ಟಿಕೆಟ್ ಬುಕ್ ಮಾಡಿದ ದಿನವೇ ಲಸಿಕೆಗೂ ದಿನ ಗೊತ್ತುಮಾಡಿ. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಿ.

'ಒಂದು ಚುಚ್ಚುಮದ್ದಿಗೆ ಇಷ್ಟೊಂದು ರಗಳೆ ಯಾಕೆ ಸಾರ್?' ಅಂತೀರಾ? ಈ ರೋಗ ಹರಡುವುದು ಈಡಿಸ್ ಸೊಳ್ಳೆ. ಡೆಂಗಿ ತರುತ್ತಲ್ಲ, ಅದೇ ಸೊಳ್ಳೆ. ಅದು ನಮ್ಮ ಬೀದಿಯ ತೆಂಗಿನ ಚಿಪ್ಪಿನಲ್ಲೂ ಇದೆ, ಹಳೇ ಟೈರಿನಲ್ಲೂ ಇದೆ. ಸೊಳ್ಳೆ ಇಲ್ಲಿದೆ, ವೈರಸ್ ಮಾತ್ರ ಇಲ್ಲ. ಆ ವೈರಸ್ಸನ್ನು ಮೈಯಲ್ಲಿ ಹೊತ್ತು ತರುವ ಮನುಷ್ಯ ನಾವಾಗಬಾರದು. ಈ ಸೂಜಿ ನಿಮಗೊಬ್ಬರಿಗಲ್ಲ, ನಿಮ್ಮ ಇಡೀ ಬೀದಿಗೆ.

ಇನ್ನು ಮಲೇರಿಯಾ. ನೈರೋಬಿ 1,700 ಮೀಟರಿಗೂ ಎತ್ತರದಲ್ಲಿರುವ ಊರು, ಅಲ್ಲಿ ಅಪಾಯ ಕಡಿಮೆ. ಮೊಂಬಾಸಾ ಕರಾವಳಿ, ವಿಕ್ಟೋರಿಯಾ ಸರೋವರದ ಕಡೆ ಹೋದರೆ ಲೆಕ್ಕವೇ ಬೇರೆ. ಹೊರಡುವ ಮೊದಲೇ ಶುರುಮಾಡಬೇಕಾದ ಮಾತ್ರೆಗಳಿವೆ. ವಾಪಸ್ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಸಂಜೆಯಾದರೆ ತುಂಬುತೋಳಿನ ಬಟ್ಟೆ, ಮಲಗುವಾಗ ಸೊಳ್ಳೆಪರದೆ. ಊರಿಗೆ ಬಂದು ಕೆಲವು ವಾರಗಳಾದ ಮೇಲೆ ಜ್ವರ ಬಂದರೂ 'ಪ್ರಯಾಣದ ಸುಸ್ತು' ಅಂತ ಒಂದು ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಬಳಿ ಹೇಳಬೇಕಾದ ಮೊದಲ ಮಾತು: 'ನಾನು ಕೀನ್ಯಾಕ್ಕೆ ಹೋಗಿದ್ದೆ.' ಆಫ್ರಿಕಾದಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಂ ಮಲೇರಿಯಾ ತಡಮಾಡಿದರೆ ಜೀವ ತೆಗೆಯುತ್ತದೆ.

ಸೊಳ್ಳೆ ಆಯ್ತು, ಈಗ ಸೂಟ್‌ಕೇಸ್ ತೆಗೀರಿ. ಚಟ್ನಿಪುಡಿ, ಚಕ್ಕುಲಿ ಎಲ್ಲಾ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನಲ್ಲಿ ಸುತ್ತಿಟ್ಟಿದ್ದೀರಾ? ಡಬ್ಬಿಗೆ ಹಾಕಿ, ಬಟ್ಟೆ ಚೀಲಕ್ಕೆ ತುಂಬಿ. 2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ. ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆ 40 ಲಕ್ಷ ಶಿಲ್ಲಿಂಗ್ ದಂಡ ಅಥವಾ 4 ವರ್ಷ ಜೈಲು. ನಮ್ಮಲ್ಲೂ ನಿಷೇಧ ಇದೆ, ಸಂತೆಯಲ್ಲಿ ಬ್ಯಾಗೂ ಸಿಗುತ್ತೆ. ಆ ಅಭ್ಯಾಸವನ್ನು ಅಲ್ಲಿಗೆ ಒಯ್ಯಬೇಡಿ.

ದುಡ್ಡನ್ನು ಬ್ಯಾಂಕಿನಲ್ಲೋ ಅಧಿಕೃತ ವಿನಿಮಯ ಕೇಂದ್ರದಲ್ಲೋ ಬದಲಾಯಿಸಿ. ನಮ್ಮಲ್ಲಿ ನೋಟು ರದ್ದಾಯ್ತಲ್ಲ, ಅಲ್ಲೂ ಹಳೇ 1,000 ಶಿಲ್ಲಿಂಗ್ ನೋಟು 2019ರ ಸೆಪ್ಟೆಂಬರ್ ಕೊನೆಗೆ ರದ್ದಾಯ್ತು. ಬೀದಿಯಲ್ಲಿ ಯಾರೋ ಅದನ್ನು ಕೈಗಿಟ್ಟರೆ ನಿಮಗೆ ಉಳಿಯುವುದು ಬರೀ ಕಾಗದ. ನೈರೋಬಿಯಲ್ಲಿ ಕತ್ತಲಾದ ಮೇಲೆ ನಡೆದು ಸುತ್ತಬೇಡಿ. ಟ್ರಾಫಿಕ್‌ನಲ್ಲಿ ಕಾರಿನ ಗಾಜು ಇಳಿಸಿ ಫೋನ್ ಹಿಡಿದು ಕೂರಬೇಡಿ.

ಇದೆಲ್ಲ ಹೆದರಿಸಲಿಕ್ಕೆ ಹೇಳಿದ್ದಲ್ಲ. ಧಾರಾಳವಾಗಿ ಹೋಗಿ ಬನ್ನಿ. ಸಿಂಹದ ಫೋಟೋ ತನ್ನಿ, ಎಲ್ಲರಿಗೂ ತೋರಿಸಿ. ಜ್ವರ ಮಾತ್ರ ತರಬೇಡಿ.