ಹಳೆಯ ಮನೆಯ ಮೇಲೊಂದು ಮಹಡಿ

1898ರ ಪ್ಲೇಗಿನ ಮಹಾಮಾರಿಯ ತರುವಾಯ ಬೆಂಗಳೂರಿನಲ್ಲಿ ತಲೆಯೆತ್ತಿದ ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದಾಗಿ ಉಳಿದುಕೊಂಡಿರುವ ಹಳೆಯ ಮನೆಗಳೊಳಗೆ ಇಂದು ನಡೆಯುವ ಸಮಾಲೋಚನೆ ಬಹುಮಟ್ಟಿಗೆ ಒಂದೇ: ಮಗನ ವಿವಾಹ ನಿಶ್ಚಯವಾಗಿದೆ, ಕೋಣೆಗಳು ಸಾಲವು, ಮೇಲೊಂದು ಮಹಡಿಯನ್ನು ಎಬ್ಬಿಸುವುದೋ, ಹಿತ್ತಿಲಿಗೆ ಎರಡು ಕೋಣೆ ಕೂಡಿಸುವುದೋ, ಎಲ್ಲವನ್ನೂ ಕೆಡವಿ ಹೊಸತಾಗಿ ಕಟ್ಟುವುದೋ?

ಕರೆದೊಡನೆ ಬರುವ ಮೇಸ್ತ್ರಿಯು ಚದರಕ್ಕೆ, ಎಂದರೆ ನೂರು ಚದರಡಿಗೆ, ಇಷ್ಟೆಂದು ಹೇಳಿಬಿಡುತ್ತಾನೆ. ಅದು ಬಯಲು ನಿವೇಶನಕ್ಕೆ ಒಪ್ಪುವ ಲೆಕ್ಕ. ತೇಗದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಡ್ಡಗಟ್ಟಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆಚೂರು ಸುಣ್ಣಗಳ ಪದರವನ್ನು ಬಡಿದು ಗಟ್ಟಿಗೊಳಿಸಿದ ಮದ್ರಾಸ್ ತಾರಸಿಯು ಬಿಸಿಲು ಮಳೆಗಳನ್ನು ತಡೆಯಬಲ್ಲುದೇ ಹೊರತು, ಇನ್ನೊಂದು ಸಂಸಾರದ ಭಾರವನ್ನು ಹೊರಲೆಂದು ನಿರ್ಮಿತವಾದುದಲ್ಲ. ಕೆಳಗಿನ ಕಲ್ಲಿನ ಅಡಿಪಾಯವಾದರೂ ಒಂದೇ ಅಂತಸ್ತನ್ನು ಮನಸ್ಸಿನಲ್ಲಿಟ್ಟು ಹಾಕಿದುದು. ಆದುದರಿಂದ ಹೊಸ ಮಹಡಿಗೆ ಹೊಸ ಕಂಬಗಳೂ ಅವಕ್ಕೆ ಪ್ರತ್ಯೇಕ ಪಾಯವೂ ಬೇಕಾಗುತ್ತವೆ. ಕೆಡವಿದ ಮಣ್ಣುಕಲ್ಲುಗಳ ಸಾಗಾಟ, ಕೆಲಸ ಮುಗಿಯುವ ತನಕ ಬೇರೆಡೆ ತೆರಬೇಕಾದ ಬಾಡಿಗೆ, ನಕ್ಷೆಯ ಮಂಜೂರಾತಿ, ಮುಂದೆ ಹೆಚ್ಚುವ ಕಂದಾಯ ಇವೊಂದೂ ಮೇಸ್ತ್ರಿಯ ಚೀಟಿಯಲ್ಲಿ ಕಾಣಿಸವು.

ವಿಸ್ತರಣಕ್ಕಿಂತಲೂ ದುರಸ್ತಿಯಲ್ಲಿ ಆಗುವ ಪ್ರಮಾದವೇ ನನ್ನನ್ನು ಹೆಚ್ಚು ನೋಯಿಸುತ್ತದೆ. ಸುಣ್ಣದ ಗೋಡೆಗೆ ಉಸಿರಾಟವುಂಟು. ನೆಲದಿಂದ ಏರಿದ ತೇವವನ್ನು ಅದು ಮೆಲ್ಲಮೆಲ್ಲನೆ ಹೊರಗೆ ಬಿಟ್ಟುಬಿಡುತ್ತದೆ. ಅಂಥ ಗೋಡೆಗೆ ನುಣುಪಿನ ವ್ಯಾಮೋಹದಿಂದ ಸಿಮೆಂಟು ಮೆತ್ತಿ, ಅದರ ಮೇಲೆ ನೀರೊಸರದ ಬಣ್ಣ ಬಳಿದರೆ, ಒಳಗೆ ಸೆರೆಸಿಕ್ಕ ತೇವವು ಲವಣವನ್ನು ಹೊತ್ತು ತಂದು, ಕೆಲವೇ ವರ್ಷಗಳಲ್ಲಿ ಗಿಲಾವನ್ನು ಉಬ್ಬಿಸಿ ಉದುರಿಸುತ್ತದೆ, ಜಂತೆಯ ತುದಿಯನ್ನು ಕೊಳೆಸುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವನಿಗೆ ಕೂಲಿ ಹೆಚ್ಚಾದರೂ ಅವನನ್ನು ಹುಡುಕಿ ಕರೆತರುವುದೇ ಮಿತವ್ಯಯವೆಂದು ನನ್ನ ದೃಢವಾದ ಅಭಿಪ್ರಾಯ.

ಹಾಕಿದ ಹಣ ಮಾರುವಾಗ ಹಿಂದಿರುಗುವುದೇ? ಇಂಥ ಬಡಾವಣೆಗಳಲ್ಲಿ ಕೊಳ್ಳುವವನು ನೆಲವನ್ನು ಅಡಿಯ ಲೆಕ್ಕದಲ್ಲಿ ಅಳೆಯುತ್ತಾನೆ. ಕಟ್ಟಡವನ್ನು ಬಹುಶಃ ಕೆಡವುವವನೇ ಆದುದರಿಂದ, ನಿಮ್ಮ ಹೊಸ ಅಡುಗೆಮನೆಗೆ ಅವನು ಬೆಲೆ ಕಟ್ಟುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿಯೂ, ಸ್ವಂತ ವಾಸದ ಮನೆಯ ದುರಸ್ತಿಗಾಗಿ ಪಡೆದ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿಯ ವಿನಾಯಿತಿ ಮಾತ್ರ. ಕಟ್ಟುವ ಅಥವಾ ಕೊಳ್ಳುವ ಸಾಲಕ್ಕಾದರೆ ಅದು 2 ಲಕ್ಷದವರೆಗೆ ಏರುತ್ತದೆ. ಲಾಭವೊಂದನ್ನೇ ನೆಚ್ಚಿ ಮಹಡಿ ಕಟ್ಟುವವರು ಈ ಬೀದಿಗಳಲ್ಲಿ ನಿರಾಶರಾಗುವುದೇ ಹೆಚ್ಚು. ಆದರೆ ಮೆಟ್ಟಿಲು ಹತ್ತಲಾರದ ತಾಯಿಗಾಗಿ ಕೆಳಗೇ ಕಟ್ಟಿಸಿದ ಒಂದು ಬಚ್ಚಲುಮನೆ, ಆಕೆ ಅದನ್ನು ಬಳಸುವ ಪ್ರತಿದಿನವೂ ತನ್ನ ವೆಚ್ಚವನ್ನು ತೀರಿಸುತ್ತಲೇ ಇರುತ್ತದೆ.

ಮನೆ ಹಿಗ್ಗಿಸಹೊರಟವರಲ್ಲಿ ನನ್ನದೊಂದು ಬಿನ್ನಹ: ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು, ಪಾಯದ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿ ಅನುಭವಿ ಎಂಜಿನಿಯರೊಬ್ಬರಿಗೆ ತೋರಿಸಿರಿ. ಅನಂತರ ಒಂದು ಮಳೆಗಾಲವನ್ನು ಕಳೆಯಗೊಟ್ಟು, ಮನೆಯ ಯಾವ ಮೂಲೆಯಲ್ಲಿ ನೀರು ಒಸರುತ್ತದೆಂಬುದನ್ನು ಕಣ್ಣಾರೆ ನೋಡಿರಿ. ಮೊದಲ ಹಣವನ್ನು ಆ ಮೂಲೆಗೆ ಹಾಕಿರಿ.