ಸೊಂಟದ ಲಾಡಿ ಮತ್ತು ಮಾಯದ ಹುಣ್ಣು



ಸೀರೆ ನಿಲ್ಲುವುದು ಒಳಲಂಗದ ಲಾಡಿಯ ಬಿಗಿಯಿಂದ. ಪಂಚೆ ನಿಲ್ಲುವುದು ಸೊಂಟದ ಕಟ್ಟಿನಿಂದ. ಹತ್ತಾರು ವರ್ಷಗಳ ಕಾಲ ದಿನವೂ ಒಂದೇ ಜಾಗದಲ್ಲಿ ಬೀಳುವ ಈ ಬಿಗಿತವನ್ನು ಯಾರೂ ಲಕ್ಷಿಸುವುದಿಲ್ಲ. ಆದರೆ ವಿರಳವಾಗಿ ಆ ಜಾಗದಲ್ಲಿಯೇ ಚರ್ಮದ ಕ್ಯಾನ್ಸರ್ ತಲೆದೋರುವುದುಂಟು. ಬೇಗನೆ ಕಂಡುಹಿಡಿದರೆ ಇದು ಬಹುಮಟ್ಟಿಗೆ ಗುಣವಾಗುವ ರೋಗ. ಆದುದರಿಂದ ಪತಿಪತ್ನಿಯರಿಬ್ಬರೂ ಇದನ್ನು ಅರಿತಿರುವುದು ಅವಶ್ಯಕ.

ಸಂಶೋಧಕರು ಕಂಡದ್ದು

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೋಗಶಾಸ್ತ್ರ ತಜ್ಞರಾಗಿದ್ದ ಡಾ. ವಸಂತ ರಾಮಜಿ ಖಾನೋಲ್ಕರ್ ಅವರು ನಮ್ಮ ಜನರ ನಿತ್ಯದ ರೂಢಿಗಳಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಭ್ಯಸಿಸಿದರು. ಪಂಚೆಯನ್ನು ಬಿಗಿದು ಕಟ್ಟುವ ಸೊಂಟದ ಚರ್ಮದಲ್ಲಿ ಹುಟ್ಟುವ ಕ್ಯಾನ್ಸರನ್ನು ಅವರೂ ಬಿ. ಸೂರ್ಯಬಾಯಿ ಅವರೂ 1945ರ ಲೇಖನವೊಂದರಲ್ಲಿ ವಿವರಿಸಿದರು. ಅದು 'ಧೋತಿ ಕ್ಯಾನ್ಸರ್' ಎಂದು ಹೆಸರಾಯಿತು.

ಸೀರೆಯುಡುವ ಸ್ತ್ರೀಯರಲ್ಲಿಯೂ ಇದೇ ರೋಗವು ಕಂಡುಬಂದಿದೆ. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಬ್ಬರು ಹಿರಿಯ ಮಹಿಳೆಯರ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬರಿಗೆ ಸೊಂಟದ ಬಲಮಗ್ಗುಲಿನ ಹುಣ್ಣು 18 ತಿಂಗಳಾದರೂ ಮಾಯದೆ ಉಳಿದಿತ್ತು. ಇನ್ನೊಬ್ಬರಿಗೆ ಹುಣ್ಣು ಎರಡು ವರ್ಷಗಳಿಂದಿದ್ದು, ರೋಗವು ತೊಡೆಸಂದಿನ ಗ್ರಂಥಿಗೆ ಹರಡಿತ್ತು. ಇವರು ಒಳಲಂಗವಿಲ್ಲದೆ ಸೀರೆಯನ್ನೇ ಬಿಗಿದುಡುತ್ತಿದ್ದವರು.

ಗಾಯವು ಕ್ಯಾನ್ಸರಾಗುವ ಬಗೆ

ಬಿಗಿದ ಲಾಡಿಯ ಒತ್ತಡ, ಉಜ್ಜುವಿಕೆ, ಬೆವರು ಮತ್ತು ಧೂಳಿನಿಂದ ಚರ್ಮವು ಸವೆದು ಬಿರಿಯುತ್ತದೆ. ಮಾಯತೊಡಗಿದ ಗಾಯವು ಮರುದಿನದ ಕಟ್ಟಿನಿಂದ ಪುನಃ ತೆರೆದುಕೊಳ್ಳುತ್ತದೆ. ಗಾಯವನ್ನು ತುಂಬಲು ಚರ್ಮದ ಜೀವಕೋಶಗಳು ವರ್ಷಗಟ್ಟಲೆ ವೃದ್ಧಿಯಾಗುತ್ತಲೇ ಇದ್ದು, ಕೆಲವರಲ್ಲಿ ಕಡೆಗೆ ಹತೋಟಿ ಮೀರಿ ಬೆಳೆಯುತ್ತವೆ. ಸುಟ್ಟ ಗಾಯದ ಹಳೆಯ ಕಲೆಗಳಲ್ಲಿಯೂ ಹೀಗಾಗುವುದುಂಟು. ಬಿಳಿಯ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರಿಗೆ ಬಿಸಿಲೇ ಮುಖ್ಯ ಕಾರಣ. ನಮ್ಮ ಚರ್ಮದ ಕಪ್ಪುವರ್ಣವು ಬಿಸಿಲಿನಿಂದ ಬಹಳಮಟ್ಟಿಗೆ ರಕ್ಷಿಸುವುದರಿಂದ, ನಾವು ಹಳೆಯ ಗಾಯ ಮತ್ತು ಕಲೆಗಳ ಬಗ್ಗೆ ಹೆಚ್ಚು ಎಚ್ಚರದಿಂದಿರಬೇಕು.

ಲಾಡಿಯ ಜಾಗವು ಕಪ್ಪಾಗುವುದು, ತುರಿಸುವುದು ಅನೇಕರಲ್ಲಿ ಸಾಮಾನ್ಯ. ಅದೆಲ್ಲವೂ ಕ್ಯಾನ್ಸರಲ್ಲ, ಭಯಪಡಬೇಕಾಗಿಲ್ಲ. ಆದರೆ ಕೆಳಗಿನವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ:

1. ಒಂದು ತಿಂಗಳಾದರೂ ಮಾಯದ ಅಥವಾ ಮಾಯ್ದು ಮತ್ತೆ ಒಡೆಯುವ ಹುಣ್ಣು.
2. ಅಂಚು ದಪ್ಪವಾಗಿ ಗಟ್ಟಿಯಾದ, ಹೂಕೋಸಿನಂತೆ ಉಬ್ಬಿದ ಹುಣ್ಣು.
3. ರಕ್ತ ಒಸರುವ ಅಥವಾ ದುರ್ವಾಸನೆಯುಳ್ಳ ಹುಣ್ಣು.
4. ಹುಣ್ಣಿನೊಡನೆ ತೊಡೆಸಂದಿನಲ್ಲಿ ಗಂಟು.

ಸಂಕೋಚವೇ ಶತ್ರು

ಈ ಹುಣ್ಣು ಉಡುಪಿನ ಮರೆಯಲ್ಲಿರುತ್ತದೆ. ಹೆಂಡತಿಯು ನಾಚಿಕೆಯಿಂದ ಹೇಳುವುದಿಲ್ಲ, ಗಂಡನು ಕೇಳುವುದಿಲ್ಲ. ನೋವು ಹೆಚ್ಚಿಲ್ಲದಿದ್ದರೆ ಹೊಲಮನೆಗಳ ಕೆಲಸದಲ್ಲಿ ವರ್ಷವೇ ಉರುಳುತ್ತದೆ. ಬೆನ್ನ ಹಿಂದಿನ ಗಾಯವು ತಮಗೇ ಕಾಣುವುದಿಲ್ಲವಾದುದರಿಂದ ಪತಿಪತ್ನಿಯರು ಒಬ್ಬರ ಸೊಂಟವನ್ನೊಬ್ಬರು ಆಗಾಗ ನೋಡುವುದು ಒಳಿತು. ಮನೆಯಲ್ಲಿರುವ ಅತ್ತೆಯವರನ್ನೂ ತಾಯಿಯವರನ್ನೂ ವಿಚಾರಿಸಿರಿ. ಈ ರೋಗವು ವಯಸ್ಸಾದವರಲ್ಲಿಯೇ ಹೆಚ್ಚು. ಇದು ಅಂಟುರೋಗವಲ್ಲ, ರೋಗಿಯನ್ನು ದೂರವಿಡಬೇಕಾಗಿಲ್ಲ.

ತಡೆಗಟ್ಟುವ ಕ್ರಮಗಳು

ಹಗ್ಗದಂತಹ ಲಾಡಿಗೆ ಬದಲು ಅಗಲವಾದ ಪಟ್ಟಿಯನ್ನು ಹೊಲಿಸಿರಿ. ಬಿಗಿತವನ್ನು ಕಡಿಮೆಮಾಡಿ, ಕಟ್ಟುವ ಜಾಗವನ್ನು ತುಸು ಮೇಲೆ ಕೆಳಗೆ ಬದಲಿಸಿರಿ. ರಾತ್ರಿ ಸಡಿಲಿಸಿ ಮಲಗಿರಿ. ಕೆಲಸದಿಂದ ಬಂದೊಡನೆ ಸೊಂಟವನ್ನು ತೊಳೆದು ಒರೆಸಿರಿ. ಗಾಯವಾದರೆ ಮಾಯುವವರೆಗೆ ಅಲ್ಲಿ ಲಾಡಿ ತಾಗದಂತೆ ಸಡಿಲ ಉಡುಪು ಧರಿಸಿರಿ. ಸುಣ್ಣವನ್ನಾಗಲೀ ಮೈಲುತುತ್ತವನ್ನಾಗಲೀ ಹಚ್ಚಬೇಡಿರಿ. ಬರೆ ಹಾಕಿಸಲೇಬೇಡಿರಿ, ಬರೆಯ ಕಲೆಯೇ ಮುಂದೆ ಅಪಾಯಕ್ಕೆಡೆಯಾಗಬಹುದು.

ಚಿಕಿತ್ಸೆ

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಸಂಶಯವಿದ್ದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ಹುಣ್ಣಿನ ಜಾಗವನ್ನು ಮರಗಟ್ಟಿಸಿ, ಚರ್ಮದ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕ್ಯಾನ್ಸರಿದ್ದರೆ ಹುಣ್ಣನ್ನೂ ಅದರ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಹುಣ್ಣು ಚಿಕ್ಕದಿರುವಾಗ ಇಷ್ಟೇ ಸಾಕಾಗಬಹುದು. ಗ್ರಂಥಿಗಳಿಗೆ ಹರಡಿದ ಮೇಲೆ ಚಿಕಿತ್ಸೆ ದೀರ್ಘವಾಗುತ್ತದೆ, ಪ್ರಾಣಾಪಾಯವೂ ಉಂಟು.

ಆದುದರಿಂದ ಇಂದೇ ಲಾಡಿಯನ್ನು ಸಡಿಲಿಸಿರಿ. ಮಾಯದ ಹುಣ್ಣಿದ್ದರೆ ಮರೆಮಾಡದೆ ಇಬ್ಬರೂ ಕೂಡಿ ವೈದ್ಯರ ಬಳಿಗೆ ಹೋಗಿರಿ.