ಉರ್ಬೀನೊ ಬಿಟ್ಟು ಹೋದವರು

ಇಟಲಿಯ ಉರ್ಬೀನೊಗೆ ರೈಲಿಲ್ಲ. ಕಡಲ ದಂಡೆಯ ಪೆಸಾರೊದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಸುಮಾರು 35 ಕಿಲೋಮೀಟರ್ ದಾರಿ, ಗುಡ್ಡ ಹತ್ತಿ ಇಳಿದು ಮತ್ತೆ ಹತ್ತಬೇಕು. ನಮ್ಮ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ, ಹೆಚ್ಚಿನವರು ವಿದ್ಯಾರ್ಥಿಗಳು. 1506ರಲ್ಲಿ ಶುರುವಾದ ವಿಶ್ವವಿದ್ಯಾಲಯ ಈ ಊರಿನಲ್ಲಿದೆ. ಊರಿನ ಜನ 14 ಸಾವಿರದಷ್ಟು, ಓದಲು ಬಂದವರೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಮಕ್ಕಳು ಓಡಾಡುವ ಊರಿಗೆ ಇದ್ದ ಒಂದು ರೈಲು 1987ರಲ್ಲಿ ನಿಂತುಹೋಯಿತು. ಆ ಸಿಟ್ಟು ಇನ್ನೂ ಆರಿಲ್ಲವೆಂದು ಸಂಜೆಯೊಳಗೆ ನನಗೆ ಮೂರು ಬಾರಿ ಗೊತ್ತಾಯಿತು.

ಕೋಟೆಯ ಹೊರಗಿನ ಹಳೆಯ ಸಂತೆ ಮೈದಾನದಲ್ಲಿ ನಿಂತು ತಲೆಯೆತ್ತಿದರೆ ಡ್ಯೂಕನ ಅರಮನೆ. ಎರಡು ಸಪೂರ ಗೋಪುರಗಳು, ನಡುವೆ ಒಂದರ ಮೇಲೊಂದರಂತೆ ಕಮಾನಿನ ಮೊಗಸಾಲೆಗಳು. ಮೈದಾನದಿಂದ ಮೇಲಕ್ಕೆ ಹೋಗಲು ಗೋಡೆಯೊಳಗೇ ಒಂದು ಸುರುಳಿ ದಾರಿಯಿದೆ. ಅದಕ್ಕೆ ಮೆಟ್ಟಿಲಿಲ್ಲ, ಇಳಿಜಾರು ಮಾತ್ರ. ಕುದುರೆಗಳು ಹತ್ತಲೆಂದು ಫ್ರಾನ್ಚೆಸ್ಕೊ ದಿ ಜಾರ್ಜೊ ಮಾರ್ತಿನಿ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ್ದು. ಮಂಡಿ ನೋವಿನ ನಾನು ಅವನಿಗೆ ಮನಸಾರೆ ನಮಸ್ಕರಿಸಿದೆ.

ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಡ್ಯೂಕ್ ಎಂಬುದರ ಮೂಲ ಲ್ಯಾಟಿನ್ನಿನ ಡಕ್ಸ್, ಅಂದರೆ ದಂಡು ನಡೆಸುವವನು. ಅವನ ಸೀಮೆ ಡಚಿ. ಇಟಲಿಯಲ್ಲಿ ಮಿಲಾನ್, ಫೆರಾರ, ಮೊದೆನ, ಪಾರ್ಮ, ಹೀಗೆ ಹಲವು ಡಚಿಗಳಿದ್ದವು. ಬಡ ಗುಡ್ಡಗಾಡಿನ ಉರ್ಬೀನೊ ಅವುಗಳಲ್ಲೊಂದು. 1444ರಲ್ಲಿ ಮಲತಮ್ಮ ಒದ್ದಾಂತೋನಿಯೊ ಕೊಲೆಯಾದಾಗ 22ರ ಫೆದೆರೀಕೊ ದ ಮೊಂತೆಫೆಲ್ತ್ರೊ ಅಧಿಕಾರಕ್ಕೆ ಬಂದ. ಹೊಲದಿಂದ ಬರುತ್ತಿದ್ದದ್ದು ಅಷ್ಟಕ್ಕಷ್ಟೆ, ಹಣ ಬಂದದ್ದು ಯುದ್ಧದಿಂದ. ನೇಪಲ್ಸ್, ಮಿಲಾನ್, ಫ್ಲಾರೆನ್ಸ್, ಪೋಪರು, ಯಾರು ಸಂಬಳ ಕೊಟ್ಟರೂ ಅವರಿಗೆ ದಂಡನಾಯಕನಾದ. 1474ರಲ್ಲಿ ಪೋಪ್ ನಾಲ್ಕನೇ ಸಿಕ್ಸ್ಟಸ್ ಡ್ಯೂಕ್ ಪದವಿ ಕೊಟ್ಟರು. 1482ರಲ್ಲಿ ತೀರಿಕೊಂಡ. ಮಗನಿಗೆ ಮಕ್ಕಳಿರಲಿಲ್ಲ, ಡಚಿ ದೆಲ್ಲಾ ರೊವೆರೆ ಮನೆತನಕ್ಕೆ ಹೋಯಿತು. 1631ರಲ್ಲಿ ಆ ಮನೆಯಲ್ಲೂ ಗಂಡು ಸಂತಾನ ನಿಂತು ಸೀಮೆಯೆಲ್ಲ ಪೋಪರ ಪಾಲಾಯಿತು. 1472ರಲ್ಲಿ ಫೆದೆರೀಕೊನ ಸೈನ್ಯ ವೊಲ್ತೆರ್ರಾ ಪಟ್ಟಣವನ್ನು ಸೂರೆ ಮಾಡಿದ್ದನ್ನೂ ಇಲ್ಲಿ ಹೇಳಬೇಕು. ಅರಮನೆಯ ಅಂಗಳದ ಬೆಳಕು ಎಷ್ಟೇ ಶಾಂತವಾಗಿ ಕಂಡರೂ ಅದರ ದುಡ್ಡು ಅಂಥ ಊರುಗಳಿಂದ ಬಂದದ್ದು.

ಅರಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅತಿ ಚಿಕ್ಕ ಕೋಣೆ, ಡ್ಯೂಕನ ಓದುಮನೆ. ಉದ್ದ ಅಗಲ ಎರಡೂ ಹನ್ನೆರಡು ಅಡಿ ದಾಟುವುದಿಲ್ಲ. ಆಳೆತ್ತರದವರೆಗೆ ಗೋಡೆ ತುಂಬ ಮರ. ಕಪಾಟಿನ ಜಾಲರಿ ಬಾಗಿಲು ಅರೆ ತೆರೆದಿದೆ, ಒಳಗೆ ಪುಸ್ತಕಗಳು ಅಡ್ಡಾದಿಡ್ಡಿ, ಒಂದು ಕಡೆ ವೀಣೆಯಂಥ ವಾದ್ಯ, ಇನ್ನೊಂದು ಕಡೆ ಕಳಚಿಟ್ಟ ಕವಚ. ಕಟ್ಟೆಯ ಮೇಲೆ ಹಣ್ಣಿನ ಬುಟ್ಟಿ, ಪಕ್ಕದಲ್ಲಿ ಅಳಿಲು. ಹತ್ತಿರ ಹೋದರೆ ಬಾಗಿಲೂ ಇಲ್ಲ, ಪುಸ್ತಕವೂ ಇಲ್ಲ. ಎಲ್ಲ ಚಪ್ಪಟೆ ಹಲಗೆ! ಮರದೊಳಗೆ ಮರ ಹುದುಗಿಸಿದ ಇನ್‌ಲೇ ಕೆಲಸ.

ನನ್ನ ಬೆರಗು ನೋಡಿ ಕಾವಲಿನ ಹೆಂಗಸು ಕುರ್ಚಿಯಿಂದ ಎದ್ದು ಬಂದರು. ಅರವತ್ತರ ಆಸುಪಾಸು. ಅವರ ಅರ್ಧ ಇಂಗ್ಲಿಷು, ನನ್ನ ಕಾಲುಭಾಗ ಇಟಾಲಿಯನ್ನು, ಮಿಕ್ಕದ್ದಕ್ಕೆ ಕೈಸನ್ನೆ.

"ಬಣ್ಣ ಹಚ್ಚಿಲ್ಲ ಇದಕ್ಕೆ. ಇದು ಆಕ್ರೋಟು, ಇದು ಪೇರು ಮರ. ಈ ಕಪ್ಪು ಕಂಡಿರಾ? ಜೌಗಿನ ನೀರಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಓಕ್. ನಮ್ಮಪ್ಪ ಬಡಗಿ, ಅವರೇ ಹೇಳಿಕೊಟ್ಟಿದ್ದು. ಅವರ ಉಳಿಗಳು ಇನ್ನೂ ಮನೆಯಲ್ಲಿವೆ, ಹಿಡಿಯುವವರು ಇಲ್ಲ."

ಆಮೇಲೆ ಅವರ ಬೆರಳು ಮೇಲಕ್ಕೆ ಹೋಯಿತು. ಮರದ ಮೇಲ್ಗಡೆ ಡ್ಯೂಕ್ 28 ಮಹನೀಯರ ಚಿತ್ರ ಬರೆಸಿದ್ದ, ಜೋಡಿ ಜೋಡಿಯಾಗಿ. ಹೋಮರನ ಪಕ್ಕ ವರ್ಜಿಲ್, ಸಿಸೆರೊನ ಪಕ್ಕ ಸೆನೆಕ, ಪೆಟ್ರಾರ್ಕನ ಪಕ್ಕ ಡಾಂಟೆ. ಡಚಿ ಪೋಪರ ಕೈಸೇರಿದ ಮೇಲೆ ಎಲ್ಲವನ್ನೂ ಕಿತ್ತು ರೋಮಿಗೆ ಒಯ್ದರು. ಮುಂದೆ ಅವು ಹಂಚಿಹೋಗಿ ಹದಿನಾಲ್ಕು ಪ್ಯಾರಿಸಿನ ಲೂವ್ರ್ ಸೇರಿದವು, ಹದಿನಾಲ್ಕು ಇಪ್ಪತ್ತನೇ ಶತಮಾನದಲ್ಲಿ ಊರಿಗೆ ಮರಳಿದವು. ಜೋಡಿಗಳು ಒಡೆದವು: ಹೋಮರ್ ಇಲ್ಲಿ, ವರ್ಜಿಲ್ ಅಲ್ಲಿ. ಪೆಟ್ರಾರ್ಕ್ ಇಲ್ಲಿ, ಡಾಂಟೆ ಅಲ್ಲಿ. ಆಕೆ ಇದನ್ನು ಹೇಳಿದ ರೀತಿ, ಪಾಲಾದ ಮನೆಯ ಅಣ್ಣತಮ್ಮಂದಿರ ಸುದ್ದಿ ಹೇಳಿದ ಹಾಗಿತ್ತು.

ಹೋದದ್ದು ಅವರಷ್ಟೇ ಅಲ್ಲ. ಕೈಬರಹದ ಗ್ರಂಥಗಳಿಗಾಗಿ ಫೆದೆರೀಕೊ ಕೈಬಿಚ್ಚಿ ಖರ್ಚು ಮಾಡಿದ್ದ. ಫ್ಲಾರೆನ್ಸಿನ ಪುಸ್ತಕ ವ್ಯಾಪಾರಿ ವೆಸ್ಪಾಸಿಯಾನೊ ದ ಬಿಸ್ತಿಚ್ಚಿ ಅವನಿಗೆ ಪುಸ್ತಕ ಒದಗಿಸುತ್ತಿದ್ದವನು. ಆ ಭಂಡಾರ 1657ರಲ್ಲಿ ವ್ಯಾಟಿಕನ್ ಸೇರಿತು. ಅಲ್ಲಿ ಆ ಕಟ್ಟುಗಳನ್ನು ಇವತ್ತಿಗೂ ಉರ್ಬೀನೊದ ಹೆಸರಿನಿಂದಲೇ ಗುರುತಿಸುತ್ತಾರೆ. ಪಿಯೆರೊ ದೆಲ್ಲಾ ಫ್ರಾನ್ಚೆಸ್ಕಾ ಬರೆದ ಡ್ಯೂಕ್ ದಂಪತಿಯ ಜೋಡಿ ಚಿತ್ರ, ಕುದುರೆಯ ಮೇಲೆ ಕೂತು ಈಟಿ ಹಿಡಿದು ಸೆಣಸುವ ಪಂದ್ಯದಲ್ಲಿ ಬಲಗಣ್ಣು ಕಳೆದುಕೊಂಡ ಡ್ಯೂಕನ ಎಡಮುಖ ಮಾತ್ರ ಕಾಣುವ ಆ ಪ್ರಸಿದ್ಧ ಚಿತ್ರ, ಕೊನೆಯ ಡ್ಯೂಕನ ಮೊಮ್ಮಗಳು ವಿತ್ತೋರಿಯಾ ಮೆದಿಚಿ ಮನೆಗೆ ಸೊಸೆಯಾಗಿ ಹೋದದ್ದರಿಂದ ಫ್ಲಾರೆನ್ಸ್ ಪಾಲಾಯಿತು. ಫೆದೆರೀಕೊನ ಗುಬ್ಬಿಯೊ ಅರಮನೆಯಲ್ಲಿ ಇಂಥದೇ ಇನ್ನೊಂದು ಮರದ ಓದುಮನೆ ಇತ್ತು, ಅದು ಇಡಿಯಾಗಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ. ರಫಾಯೆಲ್ ಕೂಡ 1483ರಲ್ಲಿ ಈ ಊರಲ್ಲಿ ಹುಟ್ಟಿ ಹೊರಗೆ ಬೆಳಗಿದವನೇ.

"ಕದ್ದದ್ದು ಮಾತ್ರ ವಾಪಸು ಬಂತು," ಎಂದರು ಆಕೆ. 1975ರ ಫೆಬ್ರವರಿಯ ಒಂದು ರಾತ್ರಿ ಈ ಅರಮನೆಗೆ ಕಳ್ಳರು ನುಗ್ಗಿ ಪಿಯೆರೊನ ಎರಡು, ರಫಾಯೆಲನ ಒಂದು ಚಿತ್ರ ಹೊತ್ತೊಯ್ದರು. ಮರುವರ್ಷ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಮೂರೂ ಸಿಕ್ಕವು. ಆಗ ಆಕೆ ಶಾಲೆಯ ಹುಡುಗಿ, ಪಕ್ಕದ ಫೆರ್ಮಿಞಾನೊದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದವರು. ಮಾತು ಅಲ್ಲಿಂದ ರೈಲಿಗೆ ಹೊರಳಿತು. ಹಳಿ ಇದ್ದೂ ಗಾಡಿ ಯಾಕಿಲ್ಲ, ಚಳಿಗಾಲದಲ್ಲಿ ಹಿಮ ಬಿದ್ದ ದಿನ ಬಸ್ಸು ಎಷ್ಟು ತಡ, ಓದಿ ಮುಗಿಸಿದ ಮಕ್ಕಳಲ್ಲಿ ಇಲ್ಲಿ ಉಳಿಯುವವರು ಯಾರು? ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು.

ನೆಲಮಾಳಿಗೆಗೆ ಹೋಗಲೇಬೇಕೆಂದು ಹೇಳಿ ಕಳಿಸಿದರು. ಅಡುಗೆಮನೆ, ಲಾಯ, ಬಟ್ಟೆಗೆ ಬಣ್ಣ ಹಾಕುವ ಕೋಣೆ, ಸ್ನಾನದ ಮನೆ, ಎಲ್ಲ ಅಲ್ಲಿವೆ. ಒಂದು ಆಳವಾದ ಗುಂಡಿಗೆ ಮೇಲಿನ ತೋಟದಿಂದ ಹಿಮ ಸುರಿದು ಬೇಸಿಗೆಗೆ ಉಳಿಸಿಕೊಳ್ಳುತ್ತಿದ್ದರಂತೆ. ಅದರ ಬಾಯಲ್ಲಿ ನಿಂತಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮೇಲಿನ ಸಿಂಗಾರದ ಕೋಣೆಗಳಿಗಿಂತ ಇಲ್ಲಿ, ಸಲಿಕೆ ಹಿಡಿದ ಆಳುಗಳು ದುಡಿದ ಈ ಕತ್ತಲೆಯಲ್ಲಿ, ಡಚಿ ನನಗೆ ಹೆಚ್ಚು ನಿಜವಾಗಿ ಕಂಡಿತು.

ಹೊರಗೆ ಬೀದಿಯಲ್ಲಿ ಕ್ರೆಷಾ ತಿಂದೆ. ಮೊಟ್ಟೆ, ಹಂದಿ ಕೊಬ್ಬು, ಕಾಳುಮೆಣಸು ಹಾಕಿ ಲಟ್ಟಿಸಿ, ಪದರ ಪದರವಾಗಿ ಕಾವಲಿಯಲ್ಲಿ ಬೇಯಿಸಿದ ರೊಟ್ಟಿ. ಒಳಗೆ ಮೆತ್ತನೆಯ ಗಿಣ್ಣು. ಎರಡನೆಯದನ್ನೂ ಕೇಳಿ ಪಡೆದೆ.

ಸಂಜೆ ಬಸ್ಸಿಗೆ ಕಾಯುವಾಗ ಅದೇ ಹೆಂಗಸು ಚೀಲ ಹಿಡಿದು ಬಂದರು. ಪ್ಯಾರಿಸಿನಲ್ಲಿ ವಿಮಾನ ಬದಲಿಸಿ ಊರಿಗೆ ಹೋಗುತ್ತೇನೆಂದು ಮಾತಿನ ನಡುವೆ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದರು. ನನ್ನ ಟಿಕೇಟಿನ ಹಿಂಬದಿಯಲ್ಲಿ, ಪುಟ್ಟ ಅಕ್ಷರಗಳಲ್ಲಿ, ಅಲ್ಲಿರುವ ಹದಿನಾಲ್ಕು ಹೆಸರು ಬರೆದರು. ಪ್ಲೇಟೊ, ಅರಿಸ್ಟಾಟಲ್, ಟಾಲೆಮಿ, ವರ್ಜಿಲ್... ಡಾಂಟೆಯ ಕೆಳಗೆ ಗೆರೆ ಎಳೆದರು.

"ನಾನು ನೋಡಿಲ್ಲ ಅವರನ್ನು. ನೀವು ನೋಡಿ, ಹೇಗಿದ್ದಾರೆ ಅಂತ ಒಂದು ಕಾಗದ ಹಾಕಿ."

ಎರಡು ವಿಮಾನಗಳ ನಡುವೆ ನನಗಿದ್ದದ್ದು ಮೂರೇ ಗಂಟೆ. ಅದನ್ನು ಹೇಳಲು ಬಾಯಿ ಬರಲಿಲ್ಲ. ಟಿಕೇಟನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೆ.